ಭಾಷೆ ಬಾರದ ಮೆಂಬರು

ಈ ಅರಬ್ ದೇಶದ ಮನೆಗಳ ಗೋಡೆಯಲ್ಲಿ ಕುದುರೆಯ ಚಿತ್ರ, ಕಾಬಾದ ಚಿತ್ರ, ಮನೆಯ ಹಿರಿಯರ ಚಿತ್ರ ಬೇಕಾದಷ್ಟು ನೋಡಿದ್ದೇನೆ. ಪಾರ್ಲಿಮೆಂಟಿನ ಚಿತ್ರ ನೋಡಿದ್ದು ಒಂದೇ ಮನೆಯಲ್ಲಿ. ಹಳೆಯ ಫೋಟೋ. ಮೆಟ್ಟಿಲುಗಳ ಮೇಲೆ ಸಾಲು ಸಾಲಾಗಿ ಗಂಡಸರು, ಎಲ್ಲರಿಗೂ ಕರಿ ಕೋಟು, ತಲೆಗೆ ಹೂಕುಂಡ ಕವುಚಿದಂಥ ಟೊಪ್ಪಿ. ಹಿಂದಿನ ಸಾಲಿನ ತುದಿಯಲ್ಲಿ ಒಬ್ಬ ಮಾತ್ರ ತಲೆವಸ್ತ್ರ ಸುತ್ತಿಕೊಂಡು, ಬೇರೆ ಯಾರದೋ ಮದುವೆಗೆ ಬಂದವನ ಹಾಗೆ ನಿಂತಿದ್ದ.

ಆ ಮನೆಯ ಆಸನಗಳ ಹಾಸು ಬದಲಿಸಲು ಹೋಗಿದ್ದೆ, ಗೋಡೆಯ ಹತ್ತಿರದ್ದೆಲ್ಲ ತೆಗೆಯಬೇಕಿತ್ತು. ಫೋಟೋ ಕೆಳಗಿಳಿಸುವಾಗ ಮನೆಯ ಮುದುಕರು, “ಮೆಲ್ಲಗೆ, ತುದಿಯಲ್ಲಿರುವುದು ನನ್ನ ಅಜ್ಜ” ಎಂದರು.

ನಾನು ಮೂಲ್ಕಿ ಕಡೆಯವ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಇಲ್ಲಿನ ಥುಕ್ಬಾ ಪೇಟೆಯ ಅಂಗಡಿಯೊಂದರಲ್ಲಿ ಮಜ್ಲಿಸಿನ ಆಸನಗಳನ್ನು ಹೊಲಿಯುತ್ತೇನೆ. ಮಜ್ಲಿಸ್ ಎಂದರೆ ಅತಿಥಿಗಳನ್ನು ಕೂರಿಸುವ ಕೋಣೆ. ಗೋಡೆಯುದ್ದಕ್ಕೂ ತಗ್ಗಿನ ಮೆತ್ತೆ, ಒರಗಲು ದಿಂಬು. ನನ್ನ ಹೊಲಿಗೆ ಬಿಚ್ಚಿತು ಎಂದು ಒಬ್ಬನೂ ವಾಪಸು ಬಂದದ್ದಿಲ್ಲ. ಊರಲ್ಲಿ ಬಂದವನನ್ನು ಮೊದಲು “ನೀವು ಯಾರ ಪೈಕಿ?” ಎಂದು ಕೇಳಿ ಆಮೇಲೆ ಎಲ್ಲಿ ಕೂರಿಸುವುದೆಂದು ನೋಡುತ್ತಾರೆ. ಇಲ್ಲಿ ಮೊದಲು ಕಹ್ವಾ, ಅಂದರೆ ಇವರ ಏಲಕ್ಕಿ ಕಾಫಿ, ಕೊಡುತ್ತಾರೆ, ಹೆಸರನ್ನೇ ಕೇಳುವುದಿಲ್ಲ. ಇವೆರಡರಲ್ಲಿ ಯಾವುದು ಹೆಚ್ಚಿನ ಅವಮಾನ ಎಂದು ಇಷ್ಟು ವರ್ಷವಾದರೂ ನನಗೆ ತೀರ್ಮಾನಿಸಲು ಆಗಿಲ್ಲ.

ಆ ಮುದುಕರು ಮಾತ್ರ ಹೆಸರು ಕೇಳಿದರು. ಅವರ ತಂದೆ ಬೊಂಬಾಯಿಗೆ ಖರ್ಜೂರ ಸಾಗಿಸಿದವರಂತೆ, ಹಾಗಾಗಿ ಹರಕುಮುರುಕು ಹಿಂದಿ ಬರುತ್ತಿತ್ತು. ನನ್ನ ಅರಬಿಯೂ ಅಷ್ಟೇ. ಎರಡನ್ನೂ ಸೇರಿಸಿ ಅವರು ಹೇಳಿದ ಕತೆ ಇದು.

ನೂರಕ್ಕೂ ಹೆಚ್ಚು ವರ್ಷದ ಹಿಂದೆ ಈ ಸೀಮೆ ತುರ್ಕರ ಕೈಯಲ್ಲಿತ್ತು. ಇಸ್ತಾಂಬುಲಿನಲ್ಲಿ ಪಾರ್ಲಿಮೆಂಟು, ನಮ್ಮ ಲೋಕಸಭೆಯ ಹಾಗೆ ಅದಕ್ಕೊಂದು ಕೆಳಮನೆ. ಅದಕ್ಕೆ ಇಲ್ಲಿಂದಲೂ ಮೆಂಬರು ಹೋಗಬೇಕು. ಊರವರು ಅಜ್ಜನನ್ನು ಆರಿಸಿ, ಖರ್ಜೂರದ ಮೇಲಿನ ತೆರಿಗೆ ಇಳಿಸಿಕೊಂಡು ಬಾ ಎಂದು ಕಳಿಸಿದರು. ಹಾಯಿ ಹಡಗಿನಲ್ಲಿ ಬಸ್ರಾ, ಅಲ್ಲಿಂದ ನದಿಯ ದೋಣಿ, ಆಮೇಲೆ ಒಂಟೆ, ಮತ್ತೆ ಹಡಗು. ಹೋಗಿ ನೋಡಿದರೆ ಮೂಳೆ ಕೊರೆಯುವ ಚಳಿ, ಪರದೇಶಿಗಳು ಒತ್ತೊತ್ತಾಗಿ ಮಲಗುವ ಬಾಡಿಗೆ ಕೋಣೆ. ಸಭೆಯಲ್ಲಿ ಮಾತೆಲ್ಲ ತುರ್ಕಿಯಲ್ಲಿ. ಅಜ್ಜನಿಗೆ ಬರುವುದು ಅರಬಿ. ಭಾಷೆ ಬಾರದು ಎಂದರೆ ಊರಿನ ಮಾನ ಹೋಗುತ್ತದೆಂದು ಸುಮ್ಮನೆ ಕೂತರು. ಪಕ್ಕದವ ಕೈ ಎತ್ತಿದರೆ ಇವರೂ ಎತ್ತುವುದು. ಹಾಗೆ ಎತ್ತಿ ಎತ್ತಿ ಒಂದು ದಿನ ತೆರಿಗೆ ಏರಿಸುವುದಕ್ಕೂ ಕೈ ಎತ್ತಿಬಿಟ್ಟರು.

“ವಾಪಸು ಬಂದಾಗ ಊರವರು ಎಂತ ಹೇಳಿದರು?”

“ಏನೂ ಹೇಳಲಿಲ್ಲ. ಸಾಯುವ ತನಕ ಅವರನ್ನು ತುರ್ಕ ಎಂದೇ ಕರೆದರು.”

ನನಗೆ ನಗು ತಡೆಯಲಾಗಲಿಲ್ಲ.

“ನಗು, ನಗು. ನಿನ್ನನ್ನು ಯಾರೂ ಎಲ್ಲಿಗೂ ಕಳಿಸಿಲ್ಲವಲ್ಲ,” ಎಂದರು ಮುದುಕರು.

ಕಳಿಸಿದ್ದರು. ನಮ್ಮವರದೊಂದು ಸಂಘವಿದೆ, ಕರಾವಳಿ ಕನ್ನಡಿಗರದ್ದು. ಕಮಿಟಿಯಲ್ಲಿ ಎಲ್ಲರೂ ಇಂಜಿನಿಯರು, ಮ್ಯಾನೇಜರು, ಹೆಂಡತಿ ಮಕ್ಕಳೊಂದಿಗೆ ಇರುವವರು. ವರ್ಷಕ್ಕೊಮ್ಮೆ ಇಸ್ತಿರಾಹದಲ್ಲಿ, ಅಂದರೆ ಬಾಡಿಗೆಗೆ ಸಿಗುವ ತೋಟದ ಮನೆಯಲ್ಲಿ, ಊಟ, ಆಟ, ಕುಣಿತ. ರಾಸ್ ತನೂರಾದ ಕಾರ್ಮಿಕರ ಕ್ಯಾಂಪಿನಲ್ಲಿರುವ ನಮ್ಮ ಹುಡುಗರನ್ನು ಕರೆತರಲು ಸಂಘ ಒಂದು ಬಸ್ಸು ಕಳಿಸುತ್ತಿತ್ತು. ವರ್ಷದಲ್ಲಿ ಅವರು ಹೆಂಗಸರ, ಮಕ್ಕಳ ಬಾಯಲ್ಲಿ ನಮ್ಮ ಭಾಷೆ ಕೇಳುವುದು ಅದೊಂದು ದಿನ. ಈ ಸಲ ಬಸ್ಸು ನಿಲ್ಲಿಸುತ್ತಾರೆಂಬ ಸುದ್ದಿ ಹಬ್ಬಿತು. ಹಮೀದ್ ಕ್ಯಾಂಪಿನಲ್ಲಿ ವೆಲ್ಡರು, ಬಂಟ್ವಾಳದವ. ನಾವಿಬ್ಬರೂ ಒಂದೇ ವರ್ಷ ಬಂದು, ಒಂದೇ ಕೋಣೆಯಲ್ಲಿ ಮಲಗಿ, ಒಂದೇ ಪಾತ್ರೆಯ ಗಂಜಿ ಉಂಡವರು. ಅವನೇ ನನ್ನ ಬೆನ್ನು ಹತ್ತಿದ.

“ಸಂಜೀವಾ, ನೀನು ಕಮಿಟಿಗೆ ನಿಲ್ಲು ಮಾರಾಯ. ನಮ್ಮ ಪೈಕಿ ಬಾಯಿ ಇರುವವ ನೀನೊಬ್ಬನೇ.”

ಕ್ಯಾಂಪಿನವರೆಲ್ಲ ಸೇರಿ ನನ್ನ ಹೆಸರು ಹೇಳಿ ಆರಿಸಿದರು. ನನಗೆ ಹೆಮ್ಮೆಯಾಯಿತು, ಆಗದಿರಲು ನಾನೇನು ಕಲ್ಲೇ? ಇದನ್ನೆಲ್ಲ ಮುದುಕರಿಗೆ ಹೇಳಿದೆ. ಅವರು ಕಹ್ವಾದ ಪಿಂಗಾಣಿ ಬಟ್ಟಲು ಕೆಳಗಿಟ್ಟು, “ಹಾಗಾದರೆ ಕೈ ಎತ್ತುವ ಮೊದಲು ಕೇಳು,” ಎಂದರು.

ಕೇಳಿದೆ. ಅಧ್ಯಕ್ಷರ ಫ್ಲ್ಯಾಟಿನಲ್ಲಿ ಮೊದಲ ಮೀಟಿಂಗು. ಶುರುವಾದದ್ದೇ ಇಂಗ್ಲಿಷಿನಲ್ಲಿ.

“ಒಂದು ನಿಮಿಷ. ಇದು ಕನ್ನಡ ಸಂಘ ಅಲ್ವಾ? ಕನ್ನಡದಲ್ಲಿ ಮಾತಾಡಿ.”

“ಅಯ್ಯೋ, ಸಾರಿ ಸಂಜೀವಣ್ಣ!” ಎಂದರು ಅಧ್ಯಕ್ಷರು. ಎಲ್ಲರೂ ನಕ್ಕರು. ಸ್ವಲ್ಪ ಹೊತ್ತು ಕನ್ನಡ ನಡೆಯಿತು. ಆಮೇಲೆ ನೀರು ತಗ್ಗಿಗೆ ಹರಿದ ಹಾಗೆ ಮಾತು ಮತ್ತೆ ಇಂಗ್ಲಿಷಿಗೇ ಹರಿಯಿತು. ಅಷ್ಟರಲ್ಲಿ ಕೈಗಳು ಮೇಲೆದ್ದವು.

“ಯಾವುದಕ್ಕೆ ಈ ಕೈ?”

“ಈ ಸಲ ಕ್ಯಾಂಪಿಗೆ ಬಸ್ ಬೇಡ ಅಂತ, ಮಾರಾಯ್ರೆ.”

“ಎಂತಕ್ಕೆ ಬೇಡ?”

“ಅವರು ಬರೋದು ಊಟಕ್ಕೆ ಮಾತ್ರ. ಮಕ್ಕಳ ಡ್ಯಾನ್ಸ್ ಶುರುವಾದ್ರೆ ಹಿಂದೆ ಕೂತು ಗೊರಕೆ ಹೊಡೀತಾರೆ.”

“ವಾರವಿಡೀ ಬಿಸಿಲಲ್ಲಿ ಪೈಪು ಹೊತ್ತವನಿಗೆ ಏಸಿ ಕೆಳಗೆ ಕೂತ್ರೆ ನಿದ್ದೆ ಬಾರದೆ ಭರತನಾಟ್ಯ ಬರ್ತದಾ?”

“ನೀವು ಪರ್ಸನಲ್ ತಗೊಳ್ಬೇಡಿ ಸಂಜೀವಣ್ಣ.”

“ಪರ್ಸನಲ್ ಅಲ್ಲದಿದ್ರೆ ನನ್ನನ್ನು ಇಲ್ಲಿ ಎಂತಕ್ಕೆ ಕೂರಿಸಿದ್ದು?”

ಅಧ್ಯಕ್ಷರು ಕೈಗಳನ್ನು ಎಣಿಸಿದರು. ಬೇಡ ಎನ್ನುವುದಕ್ಕೆ ಎಲ್ಲರ ಕೈ, ಬೇಕು ಎನ್ನುವುದಕ್ಕೆ ನನ್ನದೊಂದು. ತುರ್ಕಿ ಬಾರದೆ ಆ ಅಜ್ಜ ಸೋತರು. ಕೇಳಿ, ತಿಳಿದು, ನಾನೂ ಸೋತೆ. ಒಳಗಿನಿಂದ ಬಿಸಿ ಗೋಳಿಬಜೆ ಬಂತು, ನಾನು ಮುಟ್ಟಲಿಲ್ಲ. ಹೊರಡುವ ಮುಂಚೆ ಹೊಸ ಕಮಿಟಿಯ ಫೋಟೋ ತೆಗೆದರು. ನನ್ನನ್ನು ಹಿಂದಿನ ಸಾಲಿನ ತುದಿಯಲ್ಲಿ ನಿಲ್ಲಿಸಿದರು.

ಸಂಘದ ಊಟವಿದ್ದ ಶುಕ್ರವಾರ ನಾನು ಇಸ್ತಿರಾಹಕ್ಕೆ ಹೋಗಲಿಲ್ಲ. ಪರಿಚಯದವರ ಪಿಕಪ್ ಹತ್ತಿ ರಾಸ್ ತನೂರಾಕ್ಕೆ ಹೋದೆ. ಕೋಣೆಯ ನೆಲದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ, ಅನ್ನ, ಬಂಗುಡೆ ಸಾರು ಇಟ್ಟುಕೊಂಡು ಎಲ್ಲರೂ ಕೂತಿದ್ದರು.

“ಓ, ಮೆಂಬರ್ ಬಂದ್ರು!” ಎಂದ ಹಮೀದ್. “ಬಸ್ಸೆಲ್ಲಿ?”

“ನಾನು ಬೇಕು ಅಂತಲೇ ಕೈ ಎತ್ತಿದ್ದು. ನಾನೊಬ್ಬನೇ.”

“ಇರಬಹುದು. ವಾಟ್ಸಾಪಲ್ಲಿ ಫೋಟೋ ಬಂತು. ಅವರೊಟ್ಟಿಗೆ ನೀವೂ ಉಂಟಲ್ಲ.”

ಯಾರೋ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಬೈರಾಸಿನಲ್ಲಿ ಒರೆಸಿದರು.

“ಬೇಡ ಹಮೀದ್, ಕೆಳಗೆ ಕೂತ್ಕೊಳ್ತೇನೆ.”

“ಛೆ ಛೆ, ನಿಮ್ಮನ್ನು ಕೆಳಗೆ ಕೂರಿಸಿದ್ರೆ ಸಂಘಕ್ಕೆ ಅವಮಾನ.”

ಎಲ್ಲರೂ ನಕ್ಕರು. ಅವನು ಭುಜ ಹಿಡಿದು ಕೂರಿಸಿಯೇ ಬಿಟ್ಟ. ಬದುಕಿಡೀ ನೆಲದಲ್ಲಿ ಕೂತು ಸೂಜಿ ಹಿಡಿದವನು ನಾನು. ತಟ್ಟೆಯನ್ನು ಮೊಣಕಾಲ ಮೇಲಿಟ್ಟುಕೊಂಡು, ಅವರ ನೆತ್ತಿಗಳನ್ನು ನೋಡುತ್ತಾ ಉಂಡೆ. ಸಾರಿಗೆ ನಮ್ಮೂರಿನದೇ ಹುಳಿ, ನಮ್ಮೂರಿನದೇ ಖಾರ. ಕೆಳಗೆ ಮಾತು ಜೋರಾಗಿ ನಡೆದಿತ್ತು. ಒಂದೊಂದು ಶಬ್ದವೂ ನನಗೆ ತಿಳಿಯುತ್ತಿತ್ತು. ಅದರಲ್ಲಿ ಒಂದೂ ನನ್ನೊಡನೆ ಆಡಿದ್ದಾಗಿರಲಿಲ್ಲ.