ಕಿಂಡಿ ಜೋಯಿಸರ ಒಂಟಿ ಟಿಕೆಟ್ ಲೆಕ್ಕ

ಲೋಕದಲ್ಲಿ ಮುಖ ನೋಡಿ ಮಣೆ ಹಾಕುವವರೇ ಜಾಸ್ತಿ. ಕಿಂಡಿ ಜೋಯಿಸರಿಗೆ ಆ ಭಾಗ್ಯವೂ ಇರಲಿಲ್ಲ. ಚಿತ್ರಮಂದಿರದ ಟಿಕೆಟ್ ಕೌಂಟರಿನಲ್ಲಿ ಒಂದು ಕೈ ತೂರುವಷ್ಟೇ ಕಿಂಡಿ. ಅದರ ಹಿಂದೆ ಕೂತು ಮೂವತ್ತೊಂದು ವರ್ಷ ಅವರು ಕಂಡದ್ದು ಬರೀ ಕೈಗಳನ್ನು. ಬಣ್ಣ ಹತ್ತಿದ ಕೈ, ಗ್ರೀಸ್ ಹತ್ತಿದ ಕೈ, ಬ್ಯಾಂಡೇಜ್ ಸುತ್ತಿದ ಕೈ, ಚಿಲ್ಲರೆ ಬಿಗಿಹಿಡಿದು ಬೆವೆತ ಪುಟ್ಟ ಕೈ.

ಹೆಸರಿಗೆ ಜೋಯಿಸರು ಅಷ್ಟೆ, ಜಾತಕದ ಗಂಧಗಾಳಿ ಇಲ್ಲದ ಮನುಷ್ಯ. ಬಿಡುಗಡೆಯ ದಿನ ಬೆಳಗಿನ ಆಟದ ಟಿಕೆಟ್ ಕೊಟ್ಟು ಮುಗಿಸುವಷ್ಟರಲ್ಲಿ ಆ ಸಿನಿಮಾ ಎಷ್ಟು ದಿನ ಓಡುತ್ತದೆ ಅಂತ ಹೇಳಿಬಿಡುತ್ತಿದ್ದರಲ್ಲ, ಅದಕ್ಕೇ ಗೇಟಿನವರೆಲ್ಲ ಸೇರಿ ಇಟ್ಟ ಹೆಸರದು. ತಮಾಷೆಯೆಂದರೆ ಜೋಯಿಸರು ಸಿನಿಮಾ ನೋಡುತ್ತಲೇ ಇರಲಿಲ್ಲ. ನೋಡಿದರೆ ಲೆಕ್ಕ ಕೆಡುತ್ತದಂತೆ!

ಎಷ್ಟು ಟಿಕೆಟ್ ಹೋಯಿತು ಅಂತ ಯಾರು ಬೇಕಾದರೂ ಎಣಿಸಬಹುದು. ಜೋಯಿಸರು ನೋಡುತ್ತಿದ್ದದ್ದು ಒಂದೊಂದು ಕೈ ಎಷ್ಟು ಕೇಳುತ್ತದೆ ಅನ್ನುವುದನ್ನು. ಒಂದೇ ಕೈ ಆರು ಟಿಕೆಟ್ ಕೇಳಿತೋ, ಮನೆಯಲ್ಲಿ ಮಾತಾಗಿದೆ, ಎಲ್ಲರೂ ಒಪ್ಪಿದ್ದಾರೆ, ಸಿನಿಮಾ ಗೆದ್ದಂತೆ. ಒಂದೇ ಒಂದು ಕೇಳಿತೋ, ಬಸ್ಸು ತಪ್ಪಿದೆ ಅಂತಲೋ ಬಿಸಿಲು ಜಾಸ್ತಿ ಅಂತಲೋ ಅರ್ಥ.

“ಒಂಟಿ ಟಿಕೆಟ್ ನಿದ್ದೆ ಮಾಡೋಕೆ ಬರುತ್ತೆ ಸಾರ್,” ಅಂತ ಅವರು ಯಜಮಾನರಿಗೆ ಹೇಳುತ್ತಿದ್ದರು. “ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಹಿಚುಕಿದ್ರೆ ಸಾಕು. ಬೆಳಗಿನ ಆಟವೇ ನನ್ನ ಅಗುಳು.”

ಫೋನಿನಲ್ಲೇ ಸೀಟು ಹಿಡಿಯುವ ಕಾಲ ಬಂದರೂ ಯಜಮಾನರು ಈ ಅಗುಳನ್ನೇ ನಂಬಿದ್ದರು. ಶುಕ್ರವಾರ ಸಂಜೆ ಜೋಯಿಸರ ಮಾತು ಕೇಳುವುದು, ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ವಿತರಕರಿಗೆ ಫೋನ್ ಮಾಡುವುದು. ಸಿನಿಮಾ ಉಳಿಯುವುದೂ ಇಳಿಯುವುದೂ ಆ ಒಂದು ಫೋನಿನಲ್ಲಿ. ಊರಿನ ದೊಡ್ಡ ಥಿಯೇಟರ್ ಅದೇ ಆಗಿದ್ದರಿಂದ ಇವರು ಇಳಿಸಿದರೆ ಮಿಕ್ಕವರೂ ಇಳಿಸುತ್ತಿದ್ದರು.

ಹೀಗೆ ಊರಿನ ಸಿನಿಮಾಗಳಿಗೆಲ್ಲ ಆಯಸ್ಸು ಬರೆಯುತ್ತಿದ್ದ ಮನುಷ್ಯನ ಕಿಂಡಿಗೆ ಒಂದು ಶುಕ್ರವಾರ ಸ್ವಂತ ಮಗಳ ಸಿನಿಮಾ ಬಂದು ಕೂತಿತು.

ಮಗಳು ಎಡಿಟರ್. ಎರಡು ವರ್ಷ ಕಂಪ್ಯೂಟರ್ ಮುಂದೆ ಕಣ್ಣು ಕೆಂಪು ಮಾಡಿಕೊಂಡು ಕೂತು ಕತ್ತರಿಸಿ ಅಂಟಿಸಿದ ಮೊದಲನೇ ಸಿನಿಮಾ. ಅತ್ತೆ ಸೊಸೆ ಸೇರಿ ಕಾರು ಓಡಿಸಲು ಕಲಿಯುವ ಕಥೆ. ದೊಡ್ಡ ಹೀರೋ ಇಲ್ಲ, ಹೊಡೆದಾಟ ಇಲ್ಲ. “ಇದು ಬಿದ್ರೆ ಮುಗೀತಪ್ಪ. ಮತ್ತೆ ಈ ಕೆಲಸದ ತಂಟೆಗೆ ಹೋಗಲ್ಲ, ಯಾವುದಾದ್ರೂ ಆಫೀಸ್ ಸೇರ್ಕೋತೀನಿ,” ಅಂದಿದ್ದಳು. ಸುಮ್ಮನೆ ಅಂದ ಮಾತಲ್ಲ ಅದು. ಆಫೀಸಿನ ಅರ್ಜಿ ತುಂಬಿ ಮೇಜಿನ ಮೇಲೇ ಇಟ್ಟಿದ್ದಳು.

ಜೋಯಿಸರು ಮನೆಯಲ್ಲಿ ಮೊದಲೇ ಕಟ್ಟಪ್ಪಣೆ ಮಾಡಿದ್ದರು. “ಮೊದಲನೇ ದಿನ ನೀವ್ಯಾರೂ ಆ ಕಡೆ ತಲೆ ಹಾಕ್ಬೇಡಿ. ಮನೆಯವರೇ ಟಿಕೆಟ್ ಕೊಂಡ್ರೆ ನನ್ನ ಲೆಕ್ಕಕ್ಕೆ ಏನು ಬೆಲೆ?”

ಶುಕ್ರವಾರ ಹತ್ತೂವರೆಯ ಆಟಕ್ಕೆ ಮೊದಲ ಕೈ ಬಂತು. “ಒಂದು.” ಎರಡನೆಯದು, “ಒಂದು.” ಆಮೇಲಿನದೂ ಒಂದೇ. ಒಂದು ಕೈಯಂತೂ ಮಾತೇ ಆಡದೆ ಒಂದು ಬೆರಳು ಎತ್ತಿ ತೋರಿಸಿತು. “ಬಾಯಿಲ್ವೇನಮ್ಮಾ?” ಅಂತ ಜೋಯಿಸರು ಆ ಪಾಪದ ಕೈಯ ಮೇಲೆ ರೇಗಿ ಟಿಕೆಟ್ ಹರಿದುಕೊಟ್ಟರು. ಆಟ ಶುರುವಾದಾಗ ಎಣಿಸಿದರೆ ನಲವತ್ಮೂರು ಟಿಕೆಟ್, ಅದರಲ್ಲಿ ಮೂವತ್ತೇಳು ಒಂಟಿ. ಇಂಥ ದರಿದ್ರ ಅಗುಳನ್ನು ಅವರು ಜನ್ಮದಲ್ಲಿ ಹಿಚುಕಿರಲಿಲ್ಲ.

ಸುಳ್ಳು ಹೇಳಬಹುದಿತ್ತು. ಯಾರು ಕೇಳುತ್ತಿದ್ದರು? ಆದರೂ ನಾಲಿಗೆ ಏಳಲಿಲ್ಲ. ಸಂಜೆ ಯಜಮಾನರ ಮುಂದೆ ನಿಂತು, “ಸೋಮವಾರಕ್ಕೆ ಇಳಿಸಿಬಿಡಿ ಸಾರ್,” ಅಂದರು.

“ನಿಮ್ಮ ಮಗಳ ಸಿನಿಮಾ ಅಲ್ವಾ ಜೋಯಿಸ್ರೇ?”

“ಹೌದು ಸಾರ್. ಅಗುಳಿಗೆ ಮಗಳು ಅಳಿಯ ಗೊತ್ತಿಲ್ಲ.”

ಹೇಳಿ ಹೊರಗೆ ಬಂದವರು ಸೀದಾ ಮನೆಗೆ ನಡೆದರು.

ಮನೆಯಲ್ಲಿ ಮಗಳು ಫೋನ್ ಆರಿಸಿ ಮಲಗಿದ್ದಳು. ಅಪ್ಪ ಬಾಗಿಲಲ್ಲಿ ನಿಂತದ್ದನ್ನು ನೋಡಿ, “ಏನೂ ಹೇಳ್ಬೇಡ ಅಪ್ಪ. ನಿನ್ನ ಮುಖದಲ್ಲೇ ಇದೆ,” ಅಂದು ಗೋಡೆ ಕಡೆ ತಿರುಗಿಕೊಂಡಳು. ಜೋಯಿಸರು ಅಡುಗೆಮನೆಗೆ ಹೋದರೆ ಅಲ್ಲಿ ಹೆಂಡತಿ ಪಾತ್ರೆ ಉಜ್ಜುತ್ತಾ ಗುನುಗುತ್ತಿದ್ದಾಳೆ!

“ಮನೆ ಹೊತ್ತಿ ಉರೀತಿದೆ, ನಿನಗೆ ಹಾಡು ಬೇರೆ ಕೇಡು,” ಅಂತ ಸಿಡಿದರು.

“ರೀ, ನಾಳೆ ಬೆಳಗಿನ ಆಟಕ್ಕೆ ಒಂಬತ್ತು ಟಿಕೆಟ್ ಎತ್ತಿಡಿ. ನಾನು, ನಮ್ಮಕ್ಕ, ಅವಳ ಅತ್ತೆ, ಪಕ್ಕದ ಮನೆಯವರು, ಅವರ ಸೊಸೆ…”

“ಕಣ್ಣಲ್ಲಿ ನೋಡದ ಸಿನಿಮಾಗೆ ದಂಡು ಕಟ್ಟಿದ್ದೀಯಾ?”

“ನೋಡದೆ ಏನು? ಇವತ್ತು ನೋಡ್ಕೊಂಡು ಬಂದೆನಲ್ಲ!” ಅಂದವಳೇ ಸೋಪಿನ ಕೈಯ ಒಂದು ಬೆರಳನ್ನು ಎತ್ತಿ ಅವರ ಮೂಗಿನ ಮುಂದೆ ಹಿಡಿದಳು.

ಜೋಯಿಸರು ಬೆಪ್ಪಾದರು. ಊರಿನವರ ಕೈಯೆಲ್ಲ ಓದುವ ಮಹಾನುಭಾವನಿಗೆ ಮೂವತ್ತು ವರ್ಷ ತನಗೇ ಊಟ ಬಡಿಸಿದ ಕೈ ಗುರುತು ಸಿಕ್ಕಿರಲಿಲ್ಲ.

“ಹೋಗೋದು ಹೋದೆ, ಒಬ್ಬಳೇ ಯಾಕೆ ಹೋದೆ?”

“ಅತ್ತೆ ಸೊಸೆ ಕಥೆ ಕಣ್ರೀ! ಅಕ್ಕನ ಅತ್ತೇನ ಕರ್ಕೊಂಡು ಹೋಗಿ, ಅಲ್ಲಿ ಅತ್ತೇನ ರಾಕ್ಷಸಿ ಮಾಡಿದ್ರೆ ವಾಪಸ್ ಬರೋ ದಾರೀಲಿ ನನ್ನ ಗತಿ ಏನು? ಅದಕ್ಕೇ ಮೊದಲು ಒಬ್ಬಳೇ ಹೋಗಿ ನೋಡಿದೆ. ಹಿಂದೆ ಮುಂದೆ ಕೂತಿದ್ದೋರೆಲ್ಲ ಇದೇ ಕೇಸು. ಇಂಟರ್ವಲ್‌ನಲ್ಲಿ ಮಾತಾಡ್ಕೊಂಡು ನಕ್ಕಿದ್ದೇ ನಕ್ಕಿದ್ದು. ಒಬ್ಬಳು ಅತ್ತೇನ ಕರ್ಕೊಂಡು ಬರೋಕೆ, ಇನ್ನೊಬ್ಬಳು ಸೊಸೇನ ಕರ್ಕೊಂಡು ಬರೋಕೆ ಮುಂಚೆ ನೋಡ್ಕೊಂಡು ಹೋಗೋಕೆ ಬಂದೋರು. ಪಾಪ, ನಿಮ್ಮಮ್ಮ ಇದ್ದಿದ್ರೆ ಮೊದಲು ಅವರನ್ನೇ ಕರ್ಕೊಂಡು ಹೋಗ್ತಿದ್ದೆ.” ಅವಳು ಕೈ ಒರೆಸಿಕೊಂಡಳು. “ಅಗುಳು ಹಿಚುಕೋದು ನೀವೊಬ್ರೇ ಅಂದ್ಕೊಂಡ್ರಾ? ನಾಲ್ಕು ಜನಾನ ಊಟಕ್ಕೆ ಕರೆಯೋಕೆ ಮುಂಚೆ ಅಡುಗೆಯವಳೂ ಹಿಚುಕಿ ನೋಡ್ತಾಳೆ.”

ಜೋಯಿಸರು ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತರು. ಮೂವತ್ತೇಳು ಒಂಟಿ ಟಿಕೆಟ್. ನಿದ್ದೆ ಮಾಡಲು ಬಂದವರಲ್ಲ ಅವರು! ಅಯ್ಯೋ, ಎಂಥಾ ಕೆಲಸ ಮಾಡಿಬಿಟ್ಟೆ, ಮಗಳ ಕತ್ತಿಗೆ ಕೈಯಾರೆ ಕುಣಿಕೆ ಹಾಕಿ ಬಂದೆನಲ್ಲ ಅಂತ ಒಳಗೇ ಬೆಂದುಹೋದರು. ಮಗಳಿಗೆ ಮಾತ್ರ ಏನೂ ಹೇಳಬೇಡ ಅಂತ ಹೆಂಡತಿಯ ಬಾಯಿ ಕಟ್ಟಿದರು. ಎರಡನೇ ಸಲ ಆಸೆ ಹುಟ್ಟಿಸಿ ಅದೂ ಬಿದ್ದರೆ ಆ ಹುಡುಗಿ ತಡೆದುಕೊಳ್ಳುವುದಿಲ್ಲ.

ಶನಿವಾರ ಒಂಬತ್ತೂವರೆಗೇ ಯಜಮಾನರ ಕೋಣೆಯಲ್ಲಿ ಹಾಜರು. “ಸಾರ್, ನಿನ್ನೆ ನಾನು ಹೇಳಿದ್ದು ತಪ್ಪು.”

ಯಜಮಾನರು ಕನ್ನಡಕ ತೆಗೆದಿಟ್ಟರು. “ಮೂವತ್ತೊಂದು ವರ್ಷದಲ್ಲಿ ನೀವು ಮಾತು ಬದಲಾಯಿಸಿದವರಲ್ಲ. ಬದಲಾಯಿಸಿದ್ದು ಮಗಳ ಸಿನಿಮಾಗೆ. ನಾನೇನು ತಿಳ್ಕೋಬೇಕು ಹೇಳಿ?”

ಕಪಾಳಕ್ಕೆ ಬಿದ್ದ ಹಾಗಾಯಿತು. ಆದರೂ ಜೋಯಿಸರು ಜಗ್ಗಲಿಲ್ಲ. “ನನ್ನ ಮಾತು ನಂಬಬೇಡಿ. ಹನ್ನೆರಡರ ತನಕ ಕಿಂಡಿ ಹತ್ರ ನನ್ನ ಪಕ್ಕ ಕೂತ್ಕೊಳ್ಳಿ. ನನ್ನ ಹೆಂಡತಿಯ ಒಂಬತ್ತು ಟಿಕೆಟ್ ಬಿಟ್ಟು ಎಣಿಸಿ.”

ಇಬ್ಬರಿಗೇ ಇಕ್ಕಟ್ಟಾಗುವ ಆ ಗೂಡಿನಲ್ಲಿ ಯಜಮಾನರು ಮೊಣಕಾಲು ಮಡಚಿ ಕೂತರು. ಫ್ಯಾನು ಕಿರ್ ಕಿರ್ ಅನ್ನುತ್ತಿತ್ತು. ಮೊದಲ ಕೈ ಬಂತು.

“ಎರಡು.”

ಯಜಮಾನರು ಗಡಿಯಾರ ನೋಡಿದರು. ಆಮೇಲೆ ಹೊಲಿಗೆ ಸೂಜಿ ಚುಚ್ಚಿದ ಗುರುತಿದ್ದ ಒಂದು ಕೈ ಬಂತು. ನಿನ್ನೆಯೂ ಬಂದಿತ್ತು ಅದು, ಒಂಟಿಯಾಗಿ. ಜೋಯಿಸರು ಯಜಮಾನರ ತೋಳು ಹಿಡಿದುಕೊಂಡರು.

“ಏಳು ಕೊಡಿ. ನಮ್ಮತ್ತೆಗೆ ಮಂಡಿ ನೋವು, ಮೆಟ್ಟಿಲ ಪಕ್ಕದ್ದೇ ಕೊಡಿ.”

“ಅದು ನಿನ್ನೆಯ ಕೈ ಸಾರ್!” ಅಂತ ಜೋಯಿಸರು ಚಿಕ್ಕ ಹುಡುಗನ ಹಾಗೆ ಕೂಗಿದರು. ಆಮೇಲೆ ಐದು, ನಾಲ್ಕು, ಹನ್ನೊಂದು. ಹನ್ನೊಂದು ಕೇಳಿದಾಕೆ, “ನಮ್ಮ ಸೊಸೆ ನಿನ್ನೆ ನೋಡಿ ಹೋಗಿದ್ದಾಳಪ್ಪ, ಧೈರ್ಯವಾಗಿ ಬನ್ನಿ ಅಂದ್ಳು,” ಅಂತ ಕಿಂಡಿಗೇ ಬಾಯಿಟ್ಟು ವರದಿ ಕೊಟ್ಟಳು. ಸಾಲು ಸೈಕಲ್ ಸ್ಟ್ಯಾಂಡ್ ದಾಟಿತು. ಎಣಿಸುವುದನ್ನು ಯಜಮಾನರು ಯಾವಾಗಲೋ ಬಿಟ್ಟು ತಾವೇ ಟಿಕೆಟ್ ಹರಿಯುತ್ತಿದ್ದರು. ಹನ್ನೆರಡಕ್ಕೆ ಅಲ್ಲಿಂದಲೇ ಫೋನ್ ಮಾಡಿ, “ಇದು ಇಳಿಯಲ್ಲ ಕಣ್ರೀ. ಸೋಮವಾರ ಹಾಕ್ಬೇಕು ಅಂತಿದ್ದ ನಿಮ್ಮ ದೊಡ್ಡ ಸಿನಿಮಾ ಬೇರೆ ಕಡೆ ಹಾಕ್ಕೊಳ್ಳಿ,” ಅಂದರು. ಹೋಗುವಾಗ ಜೋಯಿಸರ ಬೆನ್ನು ತಟ್ಟಿ, “ಜೋಯಿಸ್ರೇ, ತಪ್ಪಿದ್ರೂ ಚೆನ್ನಾಗಿ ತಪ್ಪಿದ್ರಿ,” ಅಂದರು.

ಅಬ್ಬ! ಸೋಲು ಇಷ್ಟು ಹಗುರವಾಗಿರುತ್ತದೆ ಅಂತ ಜೋಯಿಸರಿಗೆ ಗೊತ್ತೇ ಇರಲಿಲ್ಲ. ನಿನ್ನೆಯಿಂದ ಎದೆಯ ಮೇಲೆ ಕೂತಿದ್ದ ಬಂಡೆ ಎದ್ದು ಹೋಗಿ, ಮೊದಲ ಸಲ ಹೊಟ್ಟೆ ಹಸಿಯಿತು. ಎರಡು ಗಂಟೆಯ ಆಟದ ಕೊನೆಯ ಟಿಕೆಟ್ ಕೊಟ್ಟು, ಬುತ್ತಿ ಬಿಚ್ಚಿ, ಎರಡೇ ತುತ್ತು ತಿಂದಿದ್ದರು. ಕಿಂಡಿಯೊಳಗೆ ಒಂದು ಕೈ ಬಂತು. ಹೆಬ್ಬೆರಳಿನ ಬುಡದಲ್ಲಿ ಸಣ್ಣ ಗಾಯದ ಗೆರೆ. ಐದು ವರ್ಷದವಳಿದ್ದಾಗ ಕತ್ತರಿ ಹಿಡಿದು ಪೇಪರಿನ ಚಿತ್ರ ಕತ್ತರಿಸಲು ಹೋಗಿ ಮಾಡಿಕೊಂಡದ್ದು. ಈ ಕೈ ಅವರಿಗೆ ತಪ್ಪಲಿಲ್ಲ.

“ಅಪ್ಪ, ಒಂದು ಟಿಕೆಟ್. ಇಳಿಯೋ ಮುಂಚೆ ಜನರ ಮಧ್ಯೆ ಕೂತು ಒಂದ್ಸಲ ನೋಡ್ಕೋತೀನಿ.”

ಜೋಯಿಸರು ಬುತ್ತಿ ಪಕ್ಕಕ್ಕೆ ಸರಿಸಿದರು. “ಇಲ್ಲ ಮಗಳೇ.”

“ಒಂದೇ ಒಂದು ಸಾಕಪ್ಪ. ಎಲ್ಲಾದ್ರೂ ಮೂಲೇಲಿ ಕೊಡು.”

“ಮೂಲೇಲೂ ಇಲ್ಲ ಕಣೇ. ಎಡಗಡೆ ತಿರುಗಿ ಬೋರ್ಡ್ ನೋಡು.”

ಗೇಟಿನವನು ಆಗಷ್ಟೇ ‘ಹೌಸ್‌ಫುಲ್’ ಬೋರ್ಡಿನ ಧೂಳು ಒರೆಸಿ ನಿಲ್ಲಿಸಿದ್ದ. ಮಗಳ ಕೈ ಇನ್ನೂ ಕಿಂಡಿಯಲ್ಲೇ ಇತ್ತು. ಜೋಯಿಸರು ಎಂಜಲು ಕೈಯನ್ನು ಪಂಚೆಗೆ ಒರೆಸಿಕೊಂಡು ಅದನ್ನು ಹಿಡಿದುಕೊಂಡರು.

“ನಾಳೆ ಬಾ. ಒಂದು ಎತ್ತಿಡ್ತೀನಿ.”

“ಒಂದಲ್ಲಪ್ಪ,” ಅಂತ ಅಳುನಗುವಿನ ದನಿ ಬಂತು. “ಮೂರು ಎತ್ತಿಡು. ಅಮ್ಮ, ನಾನು. ಮತ್ತೆ ನೀನು.”

ಜೋಯಿಸರು ಮೂರು ಟಿಕೆಟ್ ಹರಿದು ಜೇಬಿಗೆ ಹಾಕಿಕೊಂಡರು. ಯಜಮಾನರ ಕೋಣೆಗೆ ಹೋಗಿ, ಕೆಲಸಕ್ಕೆ ಸೇರಿದ ಮೇಲೆ ಮೊಟ್ಟಮೊದಲ ಬಾರಿಗೆ, ಸಿನಿಮಾ ನೋಡಲು ರಜೆ ಕೇಳಿದರು.