ಮತಗಟ್ಟೆಯ ಮೂರನೇ ಸಾಲು

ಹಸಿರು ಸೀರೆಯುಟ್ಟು ಓಟು ಹಾಕಲು ಬಂದ ಹಿಜಡಾ ಒಬ್ಬರನ್ನು ಗಂಡಸರು ಶಿಳ್ಳೆ ಹೊಡೆದು ತಮ್ಮ ಸಾಲಿನಿಂದ ಓಡಿಸಿದರು. ನಮ್ಮ ಹೆಂಗಸರ ಸಾಲಿಗೆ ಬಂದಾಗ ಇಲ್ಲಿಯವರೂ ಅವರನ್ನು ಹೊರಕ್ಕೆ ದಬ್ಬಿದರು. ತೊಂಬತ್ತರ ದಶಕದ ಆರಂಭ, ಮಲಾಡಿನ ಶಾಲೆಯೊಂದರ ಮತಗಟ್ಟೆ. ಅವರು ಅಳಲಿಲ್ಲ, ಬೈಯಲೂ ಇಲ್ಲ. ಎರಡು ಸಾಲುಗಳ ನಡುವೆ ನೆಟ್ಟಗೆ ನಿಂತು, "ಸಾಬ್, ನಮ್ಮ ಸಾಲು ಇಲ್ಲಿಂದ ಶುರು" ಎಂದು ಬಾಗಿಲಲ್ಲಿದ್ದ ಪೊಲೀಸನಿಗೆ ಹಿಂದಿಯಲ್ಲಿ ಕೂಗಿ ಹೇಳಿದರು. ಗೇಟಿನಾಚೆ ಹಿಂಜರಿಯುತ್ತಿದ್ದ ಅವರ ಸಂಗಾತಿಗಳು ಒಬ್ಬೊಬ್ಬರಾಗಿ ಬಂದು ಹಿಂದೆ ನಿಂತರು. ಗದ್ದಲ ಕೇಳಿ ಹೊರಬಂದ ಅಧಿಕಾರಿ ತಲೆ ಕೆರೆದುಕೊಂಡು, "ಹೆಸರು ಪಟ್ಟಿಯಲ್ಲಿದೆಯಲ್ಲ, ಮೂರೂ ಸಾಲಿನಿಂದ ಒಬ್ಬೊಬ್ಬರನ್ನು ಬಿಡಿ" ಎಂದು ಪೊಲೀಸನಿಗೆ ಹೇಳಿದರು.

ಸರ್ಕಾರ, ಕೋರ್ಟು ಅವರಂಥವರನ್ನು ಮೂರನೇ ಲಿಂಗವೆಂದು ಒಪ್ಪಿಕೊಳ್ಳಲು ಮುಂದೆ ಎಷ್ಟೋ ವರ್ಷ ಹಿಡಿಯಿತು. ಆ ಸುದ್ದಿಯನ್ನು ಪೇಪರಿನಲ್ಲಿ ಓದಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ. ಆ ಸಾಲು ಶುರುವಾದದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೆ.