ಕೈಗಾಡಿ ಎಂದು ಬರೆದವಳು ನಾನು

ರಫೀಕ್ ಭಾಯ್ ನನಗೆ ಸುಳ್ಳು ಬರೆಯಲು ಹೇಳಿರಲಿಲ್ಲ. ಬರೆದವಳು ನಾನು — ನನ್ನ ಬುದ್ಧಿ, ನನ್ನ ಹಮ್ಮು. ಸಿಕ್ಕಿಬಿದ್ದಾಗ ಅದನ್ನು ಅವರ ತಲೆಗೆ ಕಟ್ಟಿದವಳೂ ನಾನೇ. ಅಷ್ಟಕ್ಕೇ ನಿಂತಿದ್ದರೆ ಬೇರೆ ಮಾತು. ಒಂದು ದಿನ ಅವರು ನನ್ನೆದುರು ಕೂತು, ‘ನಾ ಹಂಗ ಹೇಳಿದ್ನೇನು, ಬೆಹೆನ್?’ ಎಂದು ಕೇಳಿದರು. ನಾನು ಅವರ ಕಣ್ಣು ನೋಡಿಕೊಂಡೇ ಹೌದು ಎಂದೆ. ನಾನು ಒಪ್ಪಿಕೊಳ್ಳಬೇಕಾದದ್ದು ಮುಖ್ಯವಾಗಿ ಆ ‘ಹೌದು’.

ನನ್ನ ಹೆಸರು ಸುಜಾತಾ, ಊರು ರಾಜೇಶ್ವರ. ಹೈದರಾಬಾದಿನ ಒಬ್ಬ ಕಸ್ಟಮ್ಸ್ ಏಜೆಂಟರ ಬಳಿ ಕೆಲಸ ಕಲಿತು ಬಂದು ಹುಮನಾಬಾದಿನ ಬಸ್ ನಿಲ್ದಾಣದ ಹಿಂದೆ ಸ್ವಂತ ಆಫೀಸು ತೆರೆದೆ. ಹೊರದೇಶದಿಂದ ಮಾಲು ತರಿಸುವವರ ಕಾಗದಪತ್ರ ಮಾಡಿಕೊಡುವುದು ನನ್ನ ಕಸುಬು. ಬಂದ ವಸ್ತು ಏನು, ಸುಂಕದ ಪಟ್ಟಿಯಲ್ಲಿ ಅದರ ಜಾಗ ಯಾವುದು ಎಂದು ನೋಡಿ ಬರೆಯಬೇಕು. ಜಾಗ ತಪ್ಪಿದರೆ ಸುಂಕ ತಪ್ಪುತ್ತದೆ. ಬೇಕೆಂದೇ ತಪ್ಪಿಸಿದರೆ ಅದಕ್ಕೆ ಕಳ್ಳತನ ಎಂದೇ ಹೆಸರು. ಹೆಣ್ಣುಮಗಳು, ಅದೂ ಊರಾಚೆಯ ಕೇರಿಯವಳು, ಕಸ್ಟಮ್ಸ್ ಏನು ಬಲ್ಲಳು ಎಂದು ಮೂಗು ಮುರಿದವರೇ ಹೆಚ್ಚಾಗಿದ್ದ ಕಾಲದಲ್ಲಿ, ನನ್ನ ಬಾಗಿಲಿಗೆ ಮೊದಲು ಬಂದವರು ಬಸವಕಲ್ಯಾಣದ ರಫೀಕ್ ಭಾಯ್. ಆಮೇಲೆ ಅವರೇ ಪೇಟೆಯಲ್ಲೆಲ್ಲ ‘ಆಕಿ ಹತ್ರ ಹೋಗ್ರಿ, ಕೆಲಸ ಚೊಕ್ಕ ಅದ’ ಎಂದು ಹೇಳಿದರು. ನನ್ನ ಅನ್ನ ಶುರುವಾದದ್ದು ಆ ಒಂದು ಮಾತಿನಿಂದ.

ಅವರದು ಸಲಿಕೆ, ಹಗ್ಗ, ತಳ್ಳುಗಾಡಿ ಮಾರುವ ಅಂಗಡಿ. ಆದರೆ ಪೇಟೆಯವರಿಗೆ ಅದು ಬರೀ ಅಂಗಡಿಯಾಗಿರಲಿಲ್ಲ. ಇಬ್ಬರು ವ್ಯಾಪಾರಿಗಳ ನಡುವೆ ತಕರಾರು ಬಂದರೆ ಭಾಯ್ ಬೆಂಚಿನ ಮೇಲೆ ಬಂದು ಕೂರುತ್ತಿದ್ದರು. ಯಾರು ಯಾವಾಗ ಯಾರಿಗೆ ಏನು ಮಾತು ಕೊಟ್ಟಿದ್ದರು ಎನ್ನುವುದು ಭಾಯ್ ನೆನಪಿನಲ್ಲಿ ಭದ್ರವಾಗಿರುತ್ತಿತ್ತು. ‘ನೀ ಹಿಂಗ ಅಂದಿದ್ದಿ’ ಎಂದು ಅವರು ಹೇಳಿದರೆ ಎಂಥ ಜಗಳಗಂಟನೂ ತಲೆ ತಗ್ಗಿಸಿ ಎದ್ದು ಹೋಗುತ್ತಿದ್ದ. ಓದಿದ್ದು ಕಡಿಮೆ, ಆಸ್ತಿಯೂ ಅಷ್ಟಕ್ಕಷ್ಟೆ. ಅವರ ಮರ್ಯಾದೆಯೆಲ್ಲ ಆ ನೆನಪಿನಲ್ಲಿತ್ತು.

ನಾಲ್ಕು ವರ್ಷದ ಕೆಳಗೆ ಅವರು ಹೊರದೇಶದಿಂದ ಯುಟಿಲಿಟಿ ಗಾಡಿ ತರಿಸಲು ಹೊರಟರು. ಚೀಲ ಹೇರುವ ಸಣ್ಣ ಗಾಡಿ. ಟೆಂಪೋ ನುಗ್ಗದ ಗಲ್ಲಿಯಲ್ಲಿ ನುಗ್ಗುತ್ತದೆ, ಬ್ಯಾಟರಿ ಹಾಕಿದರೆ ತಾನೇ ಓಡುತ್ತದೆ. ಘಾಟಬೋರಾಳದಿಂದ ತೊಗರಿ ತರುವವರು ಆಗಲೇ ಕೇಳತೊಡಗಿದ್ದರು. ಅಲ್ಲಿಂದ ಗಾಡಿ ಮಾರುವವನು ನನಗೆ ಫೋನ್ ಮಾಡಿ, ಬ್ಯಾಟರಿಯನ್ನು ಬೇರೆ ಕಳಿಸುತ್ತೇನೆ, ಕಾಗದದಲ್ಲಿ ‘ಕೈಗಾಡಿ’ ಎಂದು ತೋರಿಸಿ, ಎಲ್ಲರೂ ಹಾಗೇ ಮಾಡುತ್ತಾರೆ ಎಂದ. ಕೈಯಿಂದ ತಳ್ಳುವ ಗಾಡಿಗೆ ಸುಂಕ ಕಡಿಮೆ, ತಾನೇ ಓಡುವುದಕ್ಕೆ ಹೆಚ್ಚು.

ನಾನು ರಫೀಕ್ ಭಾಯ್‌ಗೆ ಎರಡೂ ದಾರಿ ಹೇಳಿದೆ. ಅವರು ಹಗ್ಗದ ಸುರುಳಿ ಸುತ್ತುತ್ತಾ, ತಲೆಯೆತ್ತದೆ ಹೇಳಿದ ಮಾತು ನನಗೆ ಇವತ್ತಿಗೂ ಅಕ್ಷರಶಃ ನೆನಪಿದೆ.

‘ಖರೇ ಏನದ ಅದನ್ನೇ ಬರಿ, ಬೆಹೆನ್. ಜಾಸ್ತಿ ಬಿದ್ರ ಬೀಳ್ಲಿ.’

ಹೂಂ ಎಂದು ಬಂದವಳು ಕೈಗಾಡಿ ಎಂದು ಬರೆದೆ.

ಯಾಕೆ — ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಲಂಚ ತಿಂದಿರಲಿಲ್ಲ, ಯಾರೂ ಹೆದರಿಸಿರಲಿಲ್ಲ. ಮಾಲು ಬಿಡಿಸಿಕೊಂಡು ಬಂದು, ‘ನೋಡ್ರಿ ಭಾಯ್, ಹ್ಯಾಂಗ ಉಳಿಸಿದೆ’ ಎಂದು ಪೇಟೆಯ ಎದುರು ಬೀಗಬೇಕಿತ್ತು. ಅಷ್ಟೇ. ಮಾರುವವನು ಕಳಿಸಿದ್ದ ಚಿತ್ರದಲ್ಲಿ ಗಾಲಿಯ ನಡುವೆ ದಪ್ಪನೆಯ ಗುಂಬ ಕಂಡಿತ್ತು. ಮೋಟರು ಗಾಲಿಯೊಳಗೇ ಇದೆ ಎಂದು ತಿಳಿಯಲು ಪಂಡಿತರು ಬೇಕಿರಲಿಲ್ಲ. ಬ್ಯಾಟರಿ ತೆಗೆದ ಮಾತ್ರಕ್ಕೆ ಅದು ಕೈಗಾಡಿಯಾಗುವುದಿಲ್ಲ — ಗುಂಡಿ ಹಚ್ಚದ ಅಂಗಿಯೂ ಅಂಗಿಯೇ. ನಮ್ಮ ಕಸುಬಿನಲ್ಲಿ ಇದು ಮೊದಲ ಪಾಠ. ಗೊತ್ತಿದ್ದೂ ಬರೆದೆ.

ಹೈದರಾಬಾದಿನ ಹೊರಗಿನ ಕಂಟೇನರ್ ಡಿಪೋದಲ್ಲಿ ಮಾಲು ತೆರೆದ ದಿನ ನಾವಿಬ್ಬರೂ ಹೋಗಿದ್ದೆವು. ಭಾಯ್ ಹೊರಗೆ ನೆರಳಿನಲ್ಲಿ ಕೂತಿದ್ದರು. ಅಧಿಕಾರಿ ಒಂದು ಗಾಡಿಯನ್ನು ಒಂದು ಕಡೆ ಎತ್ತಿಸಿ, ಗಾಲಿಗೆ ಕೈ ಹಾಕಿ ಜೋರಾಗಿ ತಿರುಗಿಸಿದರು. ಬರೀ ಗಾಲಿಯಾಗಿದ್ದರೆ ಸುರ್ರೆಂದು ತಿರುಗುತ್ತಲೇ ಇರಬೇಕು. ಇದು ತಡೆತಡೆದು, ಒಳಗೆ ಯಾರೋ ಹಿಡಿದಂತೆ ನಿಂತುಬಿಟ್ಟಿತು. ಅವರು ಮತ್ತೆ ತಿರುಗಿಸಿದರು. ಮತ್ತೆ ನಿಂತಿತು. ಅವರಿನ್ನೂ ಏನೂ ಕೇಳಿರಲಿಲ್ಲ, ನಾನೇ ‘ಬೇರಿಂಗ್ ಹೊಸದು ಸರ್, ಬಿಗಿ ಇರುತ್ತದೆ’ ಎಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ನನಗಾಗಿಯೇ ಹುಟ್ಟಿರಬೇಕು. ಅವರು ನನ್ನನ್ನು ಒಮ್ಮೆ ನೋಡಿದರು. ಬಗ್ಗಿ ಅಚ್ಚಿನ ತುದಿಗೆ ಸುತ್ತಿದ್ದ ಕರಿ ಟೇಪನ್ನು ಉಗುರಿನಿಂದ ಕೆರೆದು ಬಿಚ್ಚಿದರು. ಒಳಗಿನಿಂದ ಕತ್ತರಿಸಿದ ವೈರುಗಳ ತುದಿಗಳು ಹೊರಗೆ ಬಂದವು.

ಒಳಗೆ ಕರೆದು ಕೂರಿಸಿ ಅವರು ಕೇಳಿದ್ದು ಒಂದೇ ಪ್ರಶ್ನೆ: ಇದನ್ನು ಕೈಗಾಡಿ ಎಂದು ಬರೆಯಲು ನಿರ್ಧರಿಸಿದ್ದು ಯಾರು?

ನನ್ನ ಪರವಾನಗಿ, ಆಫೀಸು, ಮೂಗು ಮುರಿದವರ ನಗು — ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ‘ಮಾಲು ತರಿಸಿದ ಪಾರ್ಟಿ ಹೇಳಿದರು, ನಾನು ಬರೆದೆ’ ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು!

ಆಮೇಲೆ ಭಾಯ್‌ರನ್ನು ಕರೆದರು. ನಾನು ಅಲ್ಲೇ ಕೂತಿದ್ದೆ. ನನ್ನ ಹೇಳಿಕೆಯನ್ನು ಓದಿ ಹೇಳಲೇ ಎಂದು ಅಧಿಕಾರಿ ಕೇಳಿದರು. ಒಂದು ಕ್ಷಣ — ಈಗ ಓದುತ್ತಾರೆ, ಈಗ ಇವರು ನನ್ನ ಕಡೆ ತಿರುಗುತ್ತಾರೆ ಎಂದು ಕಾದೆ. ಭಾಯ್ ಕೈ ಅಡ್ಡ ಆಡಿಸಿದರು.

‘ಓದೋದು ಬ್ಯಾಡ್ರಿ ಸಾಬ್. ಆಕಿ ಏನ್ ಹೇಳ್ಯಾಳ, ಅದೇ ನಂದೂ.’

ಹಾಗೆಂದು ಆ ಹೇಳಿಕೆಗೇ ಸಹಿ ಹಾಕಿದರು. ವಾಪಸ್ ಬರುವಾಗ ಜಹೀರಾಬಾದ್ ದಾಟಿದ ಮೇಲೆ ಚಹಾ ಕುಡಿಸಿ, ಹೆದರಬ್ಯಾಡ ಎಂದು ನನಗೇ ಸಮಾಧಾನ ಹೇಳಿದರು.

ತಿಂಗಳುಗಳ ನಂತರ ಆದೇಶ ಬಂತು. ಆಮದುದಾರನೇ ಬೇಕೆಂದು ತಪ್ಪು ಹೆಸರು ಬರೆಸಿದ್ದಾನೆ ಎಂದು ತೀರ್ಮಾನವಾಗಿ ದಂಡ ಬಿದ್ದಿತ್ತು. ಭಾಯ್ ಅದನ್ನು ಮಗ ಇಮ್ರಾನನ ಕೈಲಿ ಓದಿಸಿಕೊಂಡು ಹುಮನಾಬಾದಿಗೆ ಬಂದರು. ಬೈಯಲು ಬಂದಿದ್ದಾರೆ ಎಂದುಕೊಂಡೆ. ಬೈದಿದ್ದರೆ ನಾನು ಉಳಿಯುತ್ತಿದ್ದೆ, ಅವರೂ ಉಳಿಯುತ್ತಿದ್ದರು. ಆದರೆ ಅವರು ಕುರ್ಚಿಯ ತುದಿಯಲ್ಲಿ ಕೂತು, ಸಂಕೋಚದಿಂದ ಕೇಳಿದರು:

‘ನಾ ಹಂಗ ಹೇಳಿದ್ನೇನು, ಬೆಹೆನ್? ಖರೇ ಏನದ ಅದನ್ನ ಬರಿ ಅಂದಂಗ ನೆನಪದ ನನಗ…’

ಅವರು ನನ್ನನ್ನು ಅನುಮಾನಿಸಲೇ ಇಲ್ಲ. ತಮ್ಮನ್ನೇ ಅನುಮಾನಿಸಿಕೊಂಡು ಬಂದಿದ್ದರು.

‘ಹೌದ್ರಿ ಭಾಯ್, ನೀವೇ ಹೇಳಿದ್ರಿ,’ ಎಂದೆ. ‘ಮರ್ತೀರಿ ನೀವು.’

‘ಮರ್ತೆನಾ?’ ಎಂದರು. ‘ವಯಸ್ಸಾತು ನೋಡು,’ ಎಂದು ಎದ್ದು ಹೋದರು.

ಡಿಪೋದಲ್ಲಿ ಹೇಳಿದ ಸುಳ್ಳು ಹೆದರಿಕೆಯಲ್ಲಿ ಬಾಯಿಗೆ ಬಂದದ್ದು ಎಂದು ಯಾರಾದರೂ ಅಂದಾರು. ಇದು ಹಾಗಲ್ಲ. ಇದನ್ನು ನಾನು ತಣ್ಣಗೆ, ನನ್ನ ಕುರ್ಚಿಯಲ್ಲಿ, ಫ್ಯಾನಿನ ಕೆಳಗೆ ಕೂತು ಹೇಳಿದೆ.

ಆ ವರ್ಷವೇ ಪೇಟೆಯಲ್ಲಿ ಗೋಡೆಯ ತಕರಾರೊಂದು ಅವರ ಬೆಂಚಿಗೆ ಬಂತಂತೆ. ಅವರು ಕೈ ಮುಗಿದು, ‘ನಾ ಏನ್ ಅಂದಿದ್ದೆ ಅಂತ ನನಗೇ ನೆನಪು ನಿಂದರವಲ್ದು, ನಿಮ್ಮ ಫೈಸಲಾ ಹ್ಯಾಂಗ ಮಾಡ್ಲಿ?’ ಎಂದು ಕಳಿಸಿಬಿಟ್ಟರು. ಒಮ್ಮೆ, ಇನ್ನೊಮ್ಮೆ — ಆಮೇಲೆ ಯಾರೂ ಬರಲಿಲ್ಲ. ಕಲಬುರಗಿಯ ಡಾಕ್ಟರು ಪರೀಕ್ಷೆ ಮಾಡಿ ಏನೂ ಇಲ್ಲ ಎಂದರೂ ಅವರು ನಂಬಲಿಲ್ಲ. ಅಂಗಡಿ ಇಮ್ರಾನನ ಕೈಗೆ ಹೋಯಿತು, ಅದರ ಹಿಂದಿನ ಗೋದಾಮು ಮಾರಾಟವಾಯಿತು. ಈ ಎಲ್ಲ ವರ್ಷ ನಾನು ಮಾತ್ರ ಈದ್‌ಗೆ ತಪ್ಪದೆ ಅವರ ಮನೆಗೆ ಹೋಗಿ ಶೀರ್ ಖುರ್ಮಾ ತಿಂದು ಬಂದೆ — ನಾಚಿಕೆಗೆಟ್ಟವಳು.

ಈ ಸಲದ ಈದ್‌ನಲ್ಲಿ ಅವರು ನನ್ನ ಪಕ್ಕದಲ್ಲೇ ಕೂತಿದ್ದರು. ಇದ್ದಕ್ಕಿದ್ದಂತೆ ಒಳಗಿದ್ದ ಹೆಂಡತಿಯನ್ನು ಕೂಗಿ ಕೇಳಿದರು: ‘ಮುಂಜಾನೆ ನಾ ನಮಾಜಿಗೆ ಹೋಗಿ ಬಂದೆನೇನು?’ ನೂರಜಹಾನ್ ಭಾಬಿ ಇದಕ್ಕೆಲ್ಲ ಒಗ್ಗಿಹೋದವರಂತೆ, ‘ಬಂದ್ರಿ, ಬಂದ್ರಿ’ ಎಂದರು. ನಾನು ಬಟ್ಟಲನ್ನು ಅಲ್ಲೇ ಇಟ್ಟು ಎದ್ದೆ.

ಮೊದಲು ವಕೀಲರ ಬಳಿ ಹೋದೆ. ದಂಡದ ವಿರುದ್ಧ ಇಮ್ರಾನ್ ಹಾಕಿದ್ದ ಮೇಲ್ಮನವಿ ಇನ್ನೂ ನಡೆದಿತ್ತು, ಅದರಲ್ಲಿ ನಿಜ ಬರೆದು ಸಹಿ ಹಾಕಿದೆ. ನನ್ನ ಪರವಾನಗಿ ಹೋಗಬಹುದು, ಹೋಗಲಿ. ಹೇಡಿಗೆ ಕಾಗದದ ಮೇಲೆ ಹೇಳುವುದು ಸುಲಭ. ಅದಾದ ಮೇಲೆ ಒಂದು ಮಧ್ಯಾಹ್ನ ಬಸವಕಲ್ಯಾಣದ ಬಸ್ಸು ಹತ್ತಿದೆ. ಭಾಯ್ ಎದುರು ಕೂತು ಎಲ್ಲ ಹೇಳಿದೆ.

ಅವರು ಸಿಟ್ಟಾಗಲಿಲ್ಲ. ಭಾಬಿಯನ್ನು ಕರೆದರು, ಅಂಗಡಿಯಿಂದ ಇಮ್ರಾನನನ್ನು ಕರೆಸಿದರು. ‘ಇನ್ನೊಮ್ಮೆ ಹೇಳು,’ ಎಂದರು. ಮೂವರ ಎದುರೂ ಇನ್ನೊಮ್ಮೆ ಹೇಳಿದೆ. ಭಾಬಿ ನನ್ನ ಮುಂದಿಟ್ಟಿದ್ದ ಚಹಾದ ಕಪ್ಪನ್ನು ಎತ್ತಿಕೊಂಡು ಒಳಗೆ ಹೋದರು.

‘ಅಂದ್ರ… ಖರೇ ಬರಿ ಅಂತನೇ ನಾ ಅಂದಿದ್ದೆ.’

‘ಹೌದ್ರಿ ಭಾಯ್.’

‘ಮರ್ತಿದ್ದಿಲ್ಲ ನಾ.’

‘ಇಲ್ರಿ.’

ಅವರ ಬೆನ್ನು ನೆಟ್ಟಗಾಯಿತು. ಹಳೆಯ ರಫೀಕ್ ಭಾಯ್ ಮುಖದಲ್ಲಿ ಕಂಡರು, ನನ್ನ ಎದೆ ಹಗುರಾಗತೊಡಗಿತು. ಆಗ ಅವರು ನಿಧಾನವಾಗಿ ಮಗನ ಕಡೆ ತಿರುಗಿದರು.

‘ಇಮ್ರಾನ್, ಹಿಂದಿನ ಗೋದಾಮು ಮಾರ್ಲಿಕ್ಕ ನಾ ಹೂಂ ಅಂದಿದ್ನೇನು?’

ಇಮ್ರಾನ್ ನನ್ನ ಕಡೆ ಒಮ್ಮೆ ನೋಡಿ, ನೆಲ ನೋಡಿದ. ‘ಹೌದು ಅಬ್ಬಾ, ನೀವೇ ಅಂದಿದ್ರಿ. ಮರ್ತೀರಿ ನೀವು.’

ಅವನು ಹೇಳಿದ್ದು ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ನಿಜವೇ ಇರಬಹುದು. ರಫೀಕ್ ಭಾಯ್ ಅವನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು — ನಾನೇನಾದರೂ ಹೇಳಬಲ್ಲೆನೇನೋ ಎಂಬಂತೆ. ತಾವು ಹೂಂ ಅಂದಿದ್ದರೋ ಇಲ್ಲವೋ ಎನ್ನುವುದು ಇನ್ನು ಈ ಜನ್ಮದಲ್ಲಿ ಅವರಿಗೆ ಗೊತ್ತಾಗದಂತೆ ಮಾಡಿದವಳೇ ನಾನು.